ನಾಗವಲ್ಲಿ ಮರಳಿದಳು, ಗಂಗಾ ಮರಳಲಿಲ್ಲ

ಮೂಲಕಥೆಯ ಕೊನೆಯಲ್ಲಿ ಗುಣಮುಖಳಾದ ಹೆಣ್ಣನ್ನು ಉತ್ತರಭಾಗಗಳು ಮರೆತದ್ದು ಹೇಗೆ?

ಕನ್ನಡ ಚಿತ್ರರಸಿಕರ ಪಾಲಿಗೆ ‘ನಾಗವಲ್ಲಿ’ ಎಂಬ ಹೆಸರು ಇಂದಿಗೂ ಬೆನ್ನಹುರಿಯಲ್ಲಿ ಸಣ್ಣ ನಡುಕ ಹುಟ್ಟಿಸುವ ಹೆಸರು. 2004ರ ಆಗಸ್ಟ್ 27ರಂದು ತೆರೆಕಂಡ ‘ಆಪ್ತಮಿತ್ರ’ ನೋಡಿದವರಿಗೆ ಬೀಗ ಹಾಕಿದ ಕೋಣೆ, ಗೆಜ್ಜೆಯ ಸದ್ದು, ತೆಲುಗಿನಲ್ಲಿ ಗದರಿಸುವ ಗಂಗಾಳ ಕಣ್ಣುಗಳು ಮರೆತುಹೋಗುವಂಥವಲ್ಲ. ಆದರೆ ಆ ಚಿತ್ರವನ್ನು ಕಂಡ ಯಾರನ್ನಾದರೂ ‘ಅದರಲ್ಲಿ ದೆವ್ವ ಇತ್ತೇ?’ ಎಂದು ಕೇಳಿ ನೋಡಿ. ಹತ್ತರಲ್ಲಿ ಐದಾರು ಮಂದಿಯಾದರೂ ‘ಹೌದು, ನಾಗವಲ್ಲಿಯ ದೆವ್ವ’ ಎಂದೇ ಉತ್ತರಿಸಿಯಾರು. ಚಿತ್ರ ಹೇಳಿದ್ದು ಇದಕ್ಕೆ ತೀರಾ ವಿರುದ್ಧವಾದ ಸಂಗತಿ ಎಂಬುದು ಎಷ್ಟೋ ಮಂದಿಗೆ ನೆನಪೇ ಇಲ್ಲ.

ಈ ಮರೆವಿಗೆ ಕಾರಣವನ್ನು ಪ್ರೇಕ್ಷಕರ ತಲೆಯ ಮೇಲೆ ಮಾತ್ರ ಹೊರಿಸಲಾಗದು. ಒಂದು ಯಶಸ್ವೀ ಕಥೆಗೆ ವರ್ಷಗಳು ಕಳೆದ ಮೇಲೆ ಉತ್ತರಭಾಗ ಕಟ್ಟಹೊರಟವರೆಲ್ಲರೂ ಇದರಲ್ಲಿ ಪಾಲುದಾರರು. ಕನ್ನಡದಲ್ಲಿ ಆರನೇ ವರ್ಷಕ್ಕೆ, ಹಿಂದಿಯಲ್ಲಿ ಹದಿನೈದನೇ ವರ್ಷಕ್ಕೆ, ತಮಿಳಿನಲ್ಲಿ ಹದಿನೆಂಟನೇ ವರ್ಷಕ್ಕೆ, ಮಲಯಾಳಂನಲ್ಲಿ ಇಪ್ಪತ್ತನೇ ವರ್ಷಕ್ಕೆ, ಹೀಗೆ ಒಂದೇ ಬೇರಿನಿಂದ ಹೊರಟ ಕೊಂಬೆಗಳು ಬೇರೆ ಬೇರೆ ಕಾಲದಲ್ಲಿ ಚಿಗುರೊಡೆದವು. ಅವುಗಳಲ್ಲಿ ಎಷ್ಟು ಕೊಂಬೆಗಳಿಗೆ ತಮ್ಮ ಬೇರಿನ ನೆನಪಿತ್ತು?

ಬೇರು ಇರುವುದು ಕೇರಳದಲ್ಲಿ

ಕಥೆಯ ಮೂಲ 1993ರ ಡಿಸೆಂಬರ್ 25ರಂದು ಬಿಡುಗಡೆಯಾದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಬರೆದವರು ಮಧು ಮುಟ್ಟಂ, ನಿರ್ದೇಶಿಸಿದವರು ಫಾಝಿಲ್. ಮೋಹನ್‌ಲಾಲ್ ಮನೋವೈದ್ಯ ಡಾ. ಸನ್ನಿಯಾಗಿ, ಸುರೇಶ್ ಗೋಪಿ ನಕುಲನ್ ಆಗಿ, ಶೋಭನಾ ಆತನ ಹೆಂಡತಿ ಗಂಗಾ ಆಗಿ ನಟಿಸಿದ್ದರು. ಶೋಭನಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಉತ್ತಮ ಮನರಂಜನೆ ನೀಡಿದ ಜನಪ್ರಿಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಚಿತ್ರಕ್ಕೂ ಸಂದಿತು. ಕನ್ನಡಿಗರು ಹೆಮ್ಮೆಪಡಬಹುದಾದ ಸಣ್ಣ ಸಂಗತಿಯೊಂದು ಇಲ್ಲುಂಟು. ಎಲ್ಲರೂ ಅನುಮಾನದಿಂದ ನೋಡುವ ಶ್ರೀದೇವಿಯ ಪಾತ್ರದಲ್ಲಿ ಇದ್ದವರು ನಮ್ಮ ವಿನಯಾ ಪ್ರಸಾದ್; ನಾಗವಲ್ಲಿಯ ಪ್ರಿಯಕರ ನರ್ತಕನಾಗಿ ಹೆಜ್ಜೆಹಾಕಿದವರು ನಮ್ಮ ಶ್ರೀಧರ್.

ಕಥೆಯ ಹಂದರ ಸರಳ. ಹಳೆಯ ತರವಾಡು ಮನೆಗೆ ಬರುವ ಯುವ ದಂಪತಿ. ಬಹುಕಾಲದಿಂದ ಬೀಗ ಹಾಕಿದ್ದ ತೆಂಕಣ ಕೋಣೆಯನ್ನು ಹೆಂಡತಿ ಕುತೂಹಲಕ್ಕೆ ತೆರೆಯುತ್ತಾಳೆ. ಅಲ್ಲಿ ಒಂದು ಕಾಲದಲ್ಲಿ ತಂಜಾವೂರಿನಿಂದ ಕರೆತಂದ ನರ್ತಕಿ ನಾಗವಲ್ಲಿಯನ್ನು ಕಾರಣವರ್ ಶಂಕರನ್ ತಂಬಿ ಕೊಂದಿದ್ದನೆಂಬ ಐತಿಹ್ಯ. ಮನೆಯಲ್ಲಿ ವಿಚಿತ್ರ ಘಟನೆಗಳು ಶುರುವಾಗುತ್ತವೆ. ಎಲ್ಲರೂ ಬೇರೊಬ್ಬಳತ್ತ ಬೆರಳು ತೋರುತ್ತಿರುವಾಗ ಬಂದ ವೈದ್ಯ ಮಿತ್ರ ನಿಜವನ್ನು ಹುಡುಕುತ್ತಾನೆ. ತೊಂದರೆ ಇರುವುದು ಗಂಗಾಳಲ್ಲಿ. ಅದಕ್ಕೂ ದೆವ್ವಕ್ಕೂ ಸಂಬಂಧವಿಲ್ಲ, ಅದೊಂದು ಕಾಯಿಲೆ.

ಆ ಕಾಯಿಲೆಗೆ ಕಥೆಗಾರರು ಕೊಟ್ಟ ಕಾರಣವೇ ಚಿತ್ರದ ಜೀವ. ಚಿಕ್ಕಂದಿನಲ್ಲಿ ತಂದೆತಾಯಿ ದೂರದೂರಿಗೆ ಹೋದಾಗ ಅಜ್ಜಿಯ ಬಳಿ ಉಳಿದು, ಕಥೆ ಐತಿಹ್ಯಗಳ ನಡುವೆ ಒಂಟಿಯಾಗಿ ಬೆಳೆದ ಹುಡುಗಿ. ಮದುವೆಯಾದ ಮೇಲೆ ಕೆಲಸದಲ್ಲಿ ಮುಳುಗಿರುವ ಗಂಡ. ನಾಗವಲ್ಲಿ ಎಂಬುವಳು ಹೊರಗಿನಿಂದ ಬಂದು ಗಂಗಾಳೊಳಗೆ ಸೇರಿದವಳಲ್ಲ. ಗಂಗಾಳ ಒಂಟಿತನವೇ ನಾಗವಲ್ಲಿಯ ಮಾತು ಕಲಿತು, ನಾಗವಲ್ಲಿಯ ಗೆಜ್ಜೆ ಕಟ್ಟಿಕೊಂಡಿತು. ಎಲ್ಲ ಭಾಷೆಗಳಲ್ಲೂ ಈ ನರ್ತಕಿ ಪರಭಾಷೆಯವಳೇ ಆಗಿರುವುದು ಕುತೂಹಲದ ವಿಷಯ. ಮಲಯಾಳಂನಲ್ಲಿ ಆಕೆ ತಮಿಳು ಮಾತನಾಡಿದರೆ, ಕನ್ನಡದಲ್ಲೂ ತಮಿಳಿನಲ್ಲೂ ತೆಲುಗು, ಹಿಂದಿಯಲ್ಲಿ ಬಂಗಾಳಿ. ದೊರೆಯೊಬ್ಬ ಹೊರನಾಡಿನಿಂದ ತನಗಾಗಿ ಎತ್ತಿ ತಂದ ಹೆಣ್ಣು ಅವಳು. ಪರರ ಮನೆಯಲ್ಲಿ ಪರಕೀಯಳಾಗಿ ಉಳಿದ ಗಂಗಾ ಅವಳಲ್ಲಿ ತನ್ನನ್ನು ಕಂಡುಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ಇನ್ನು ಚಿಕಿತ್ಸೆ. ಮನೋವೈದ್ಯನೂ ಮಂತ್ರವಾದಿಯೂ ಇಲ್ಲಿ ಕೈಜೋಡಿಸುತ್ತಾರೆ. ವೈದ್ಯ ಮಂತ್ರವಾದಿಯನ್ನು ಗೇಲಿ ಮಾಡುವುದಿಲ್ಲ, ಮಂತ್ರವಾದಿ ವೈದ್ಯನನ್ನು ಶಪಿಸುವುದಿಲ್ಲ. ಪೂಜೆಯ ಹೊಗೆಯ ಮರೆಯಲ್ಲಿ ಮನುಷ್ಯನ ಜಾಗಕ್ಕೆ ಗೊಂಬೆಯನ್ನಿಟ್ಟು, ತನ್ನ ಸೇಡು ತೀರಿತೆಂದು ರೋಗಿ ನಂಬುವಂತೆ ಮಾಡಲಾಗುತ್ತದೆ. ವೈದ್ಯಶಾಸ್ತ್ರದ ಪುಸ್ತಕಗಳು ಇಂಥ ಚಿಕಿತ್ಸೆಯನ್ನು ಒಪ್ಪಲಾರವು, ಅದು ಸಿನಿಮಾದ ಸ್ವಾತಂತ್ರ್ಯ. ಆದರೆ ಕಾಯಿಲೆಯನ್ನು ಕಾಯಿಲೆಯೆಂದೇ ಕರೆದು, ರೋಗಿಯನ್ನು ಗುಣಪಡಿಸಿ, ಗಂಡನ ಕೈಗೆ ಒಪ್ಪಿಸಿ ಕಳುಹಿಸುವ ಜನಪ್ರಿಯ ಚಿತ್ರ ಅದಕ್ಕೂ ಮುಂಚೆ ಎಷ್ಟು ಬಂದಿದ್ದವು?

ಕನ್ನಡಕ್ಕೆ ಬಂದಾಗ ಆದ ಬದಲಾವಣೆ

ಪಿ. ವಾಸು ನಿರ್ದೇಶನದಲ್ಲಿ, ದ್ವಾರಕೀಶ್ ನಿರ್ಮಾಣದಲ್ಲಿ ಈ ಕಥೆ ‘ಆಪ್ತಮಿತ್ರ’ವಾಯಿತು. ವಿಷ್ಣುವರ್ಧನ್ ಡಾ. ವಿಜಯ್ ಆಗಿ, ರಮೇಶ್ ಅರವಿಂದ್ ಗೆಳೆಯನಾಗಿ, ಸೌಂದರ್ಯ ಗಂಗಾ ಆಗಿ, ಪ್ರೇಮಾ ಮತ್ತು ಅವಿನಾಶ್ ಇತರ ಮುಖ್ಯ ಪಾತ್ರಗಳಲ್ಲಿದ್ದರು. ದೂರವಾಗಿದ್ದ ವಿಷ್ಣು ಮತ್ತು ದ್ವಾರಕೀಶ್ ಮತ್ತೆ ಒಂದಾದ ಚಿತ್ರವೆಂಬುದೂ, ನಷ್ಟದಲ್ಲಿದ್ದ ದ್ವಾರಕೀಶ್ ಅವರನ್ನು ಮೇಲೆತ್ತಿದ ಚಿತ್ರವೆಂಬುದೂ ಗಾಂಧಿನಗರದಲ್ಲಿ ಜನಜನಿತ. ಚಿತ್ರ ತೆರೆಗೆ ಬರುವ ಮೊದಲೇ, 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಹಾರಿದ ಸಣ್ಣ ವಿಮಾನ ಪತನಗೊಂಡು ಸೌಂದರ್ಯ ಅಸುನೀಗಿದ್ದರು. ಪ್ರೇಕ್ಷಕರು ಚಿತ್ರಮಂದಿರಕ್ಕೆ ಬಂದದ್ದು ಒಂದು ರೀತಿಯಲ್ಲಿ ಆಕೆಯನ್ನು ಬೀಳ್ಕೊಡಲು.

ಕನ್ನಡದ ಆವೃತ್ತಿ ಮೂಲಕ್ಕೆ ಬಹುಪಾಲು ನಿಷ್ಠವಾಗಿತ್ತು. ಆದರೆ ಒಂದು ಕಡೆ ದಾರಿ ಕವಲೊಡೆಯಿತು. ಮಲಯಾಳಂನಲ್ಲಿ ಗಂಗಾಳ ಭ್ರಮೆಯೊಳಗಿನ ಕ್ರೂರ ಕಾರಣವರ್‌ಗೆ ಗಂಡ ನಕುಲನ್‌ನ ಮುಖವಿತ್ತು. ಅದು ಮನಶ್ಶಾಸ್ತ್ರದ ದೃಷ್ಟಿಯಿಂದ ಸೂಕ್ಷ್ಮವಾದ ಆಯ್ಕೆ; ಹೆಂಡತಿಯ ಒಳಮನಸ್ಸಿನ ಸಿಟ್ಟು ಯಾರ ಮೇಲಿದೆ ಎಂಬುದನ್ನು ಅದು ಬಾಯಿಬಿಡದೆ ಹೇಳುತ್ತಿತ್ತು. ಕನ್ನಡದಲ್ಲಿ ರಾಜ ವಿಜಯರಾಜೇಂದ್ರ ಬಹದ್ದೂರನ ವೇಷ ವಿಷ್ಣುವರ್ಧನ್ ಅವರದಾಯಿತು. ಆ ಠೀವಿ, ಆ ಗತ್ತು ಪ್ರೇಕ್ಷಕರಿಗೆ ಎಷ್ಟು ಹಿಡಿಸಿತೆಂದರೆ, ಕೆಲವೇ ನಿಮಿಷ ಕಾಣಿಸಿಕೊಂಡ ರಾಜ ವೈದ್ಯನಷ್ಟೇ ಜನಪ್ರಿಯನಾದ. 2005ರ ಏಪ್ರಿಲ್ 14ರಂದು ಬಂದ ತಮಿಳಿನ ‘ಚಂದ್ರಮುಖಿ’ಯಲ್ಲೂ ವಾಸು ಅದನ್ನೇ ಮಾಡಿದರು. ಅಲ್ಲಿ ರಜನಿಕಾಂತ್ ಅವರ ವೇಟ್ಟೈಯನ್ ರಾಜ ಇಡೀ ಚಿತ್ರವನ್ನೇ ಕಸಿದುಕೊಂಡ.

ಉತ್ತರಭಾಗದ ಬೀಜ ಬಿದ್ದದ್ದು ಇಲ್ಲಿಯೇ. ನಾಯಕನಟನ ಎರಡನೆಯ ವೇಷ ಜನರನ್ನು ಸೆಳೆಯುತ್ತದೆ ಎಂದು ಗೊತ್ತಾದ ಮೇಲೆ, ಮುಂದಿನ ಕಥೆ ಹೊರಡುವುದು ರಾಜನಿಂದಲೇ. ಗಂಗಾಳಿಂದ ಹೊರಡಲು ಸಾಧ್ಯವೂ ಇರಲಿಲ್ಲ. ಕನ್ನಡದ ಮಟ್ಟಿಗಂತೂ ಆ ಪಾತ್ರಕ್ಕೆ ಜೀವ ಕೊಟ್ಟವರೇ ಇಲ್ಲವಾಗಿದ್ದರು.

‘ಆಪ್ತರಕ್ಷಕ’ ಉಳಿಸಿದ್ದೇನು, ಬಿಟ್ಟಿದ್ದೇನು?

2010ರ ಫೆಬ್ರುವರಿ 19ರಂದು ‘ಆಪ್ತರಕ್ಷಕ’ ಬಿಡುಗಡೆಯಾಯಿತು. ವಿಷ್ಣುವರ್ಧನ್ ಅವರ 200ನೇ ಚಿತ್ರವೆಂದು ಪ್ರಚಾರ ಪಡೆದ ಈ ಚಿತ್ರವನ್ನು ಕಾಣಲು ಅವರೇ ಉಳಿಯಲಿಲ್ಲ. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಚಿತ್ರಮಂದಿರಗಳ ಮುಂದೆ ಮತ್ತೆ ಅದೇ ದೃಶ್ಯ: ಅಗಲಿದ ಕಲಾವಿದನನ್ನು ಕೊನೆಯ ಬಾರಿ ತೆರೆಯ ಮೇಲೆ ನೋಡಲು ಬಂದ ಜನ.

ಇಲ್ಲಿ ಕಥೆಯನ್ನು ಮುಂದಕ್ಕೆ ಸಾಗಿಸುವುದು ನಾಗವಲ್ಲಿಯ ವರ್ಣಚಿತ್ರ. ಅದು ಬೇರೊಂದು ಕುಟುಂಬದ ಮನೆ ಸೇರುತ್ತದೆ, ಅಲ್ಲಿ ಅನಾಹುತಗಳು ಆರಂಭವಾಗುತ್ತವೆ, ಅವಿನಾಶ್ ಅವರ ಆಚಾರ್ಯರು ಡಾ. ವಿಜಯ್‌ಗೆ ಹೇಳಿಕಳುಹಿಸುತ್ತಾರೆ. ಮನೆಯ ಹೆಣ್ಣುಮಕ್ಕಳಲ್ಲಿ ಬಾಧೆಗೆ ಒಳಗಾದವಳು ಯಾರೆಂಬ ಹುಡುಕಾಟವಿದೆ, ವೈದ್ಯನ ಮನಶ್ಶಾಸ್ತ್ರದ ವಿವರಣೆಯೂ ಇದೆ. ಹಳೆಯ ಚಿತ್ರದ ನಿಯಮಗಳನ್ನು ವಾಸು ಪೂರ್ತಿ ಕೈಬಿಟ್ಟಿದ್ದಾರೆ ಎಂದರೆ ಅನ್ಯಾಯವಾದೀತು. ಆಚಾರ್ಯ ಮತ್ತು ವೈದ್ಯರ ಪರಸ್ಪರ ಗೌರವವಂತೂ ಹಾಗೆಯೇ ಉಳಿದಿದೆ.

ಆದರೆ ಆ ವಿವರಣೆಯ ಪಕ್ಕದಲ್ಲೇ ದೈತ್ಯ ಸರ್ಪವೊಂದು ಹೆಡೆಯೆತ್ತುತ್ತದೆ. ಅದಕ್ಕಿಂತ ಮುಖ್ಯವಾಗಿ, ನೂರು ವರ್ಷ ದಾಟಿದ ವಿಜಯರಾಜೇಂದ್ರ ಬಹದ್ದೂರ್ ಇನ್ನೂ ಬದುಕಿದ್ದಾನೆ! ಮೊದಲ ಚಿತ್ರದಲ್ಲಿ ಐತಿಹ್ಯವಾಗಿದ್ದವನು, ರೋಗಿಯೊಬ್ಬಳ ಭ್ರಮೆಯಾಗಿದ್ದವನು ಇಲ್ಲಿ ರಕ್ತಮಾಂಸದ ಮನುಷ್ಯನಾಗಿ ಎದ್ದು ಬರುತ್ತಾನೆ. ತಮಾಷೆಯೆಂದರೆ ಇದಕ್ಕೊಂದು ತರ್ಕವನ್ನೂ ಹುಡುಕಬಹುದು. ಮೊದಲ ಚಿತ್ರದಲ್ಲಿ ನಾಗವಲ್ಲಿ ಕತ್ತಿ ಬೀಸಿದ್ದು ಗೊಂಬೆಯ ಮೇಲೆ ತಾನೆ? ಸೇಡು ನಿಜಕ್ಕೂ ತೀರಿರಲಿಲ್ಲ ಎನ್ನಬಹುದು. ಹಾಗೆ ಎನ್ನುವುದಾದರೆ ಮಾತ್ರ, ಗೊಂಬೆಯಿಂದ ಗುಣವಾದ ಗಂಗಾಳ ಚಿಕಿತ್ಸೆ ಅರ್ಥ ಕಳೆದುಕೊಳ್ಳುತ್ತದೆ. ಕಾಯಿಲೆಯಾದರೆ ಗೊಂಬೆ ಸಾಕು, ದೆವ್ವಕ್ಕಾದರೆ ರಾಜನೇ ಬೇಕು. ಎರಡೂ ಒಟ್ಟಿಗೆ ನಿಲ್ಲಲಾರವು. ‘ಆಪ್ತರಕ್ಷಕ’ ಎರಡನ್ನೂ ಒಟ್ಟಿಗೆ ನಿಲ್ಲಿಸಲು ಹೆಣಗುತ್ತದೆ, ಮತ್ತು ವಿಷ್ಣುವರ್ಧನ್ ತೆರೆಯ ಮೇಲಿರುವಷ್ಟು ಹೊತ್ತು ಆ ಹೆಣಗಾಟ ಪ್ರೇಕ್ಷಕನ ಗಮನಕ್ಕೆ ಬರುವುದಿಲ್ಲ ಎಂಬುದನ್ನೂ ಒಪ್ಪಬೇಕು. ಸಾಹಸಸಿಂಹನ ಅಭಿಮಾನಿಗಳಿಗೆ ಅದು ಕೊಟ್ಟ ವಿದಾಯ ಘನವಾದದ್ದು. ಗಂಗಾಳ ಕಥೆಗೆ ಅದು ಸಲ್ಲಿಸಿದ ಗೌರವ ಅಷ್ಟು ಘನವಾದದ್ದಲ್ಲ.

ಚಿತ್ರದ ಹೊರಗೂ ಇದರ ನೆರಳು ಬಿತ್ತು. ಮೊದಲ ಚಿತ್ರದ ಬಿಡುಗಡೆಗೆ ಮುನ್ನ ಸೌಂದರ್ಯ, ಎರಡನೆಯದರ ಬಿಡುಗಡೆಗೆ ಮುನ್ನ ವಿಷ್ಣುವರ್ಧನ್. ಇಷ್ಟು ಸಾಕಾಗಿತ್ತು, ‘ನಾಗವಲ್ಲಿಯ ಶಾಪ’ ಎಂಬ ಮಾತು ಊರೆಲ್ಲ ಹರಿದಾಡಲು. ಕೆಲವು ವಾಹಿನಿಗಳು ಅದಕ್ಕೆ ಉಪ್ಪುಖಾರ ಹಚ್ಚಿದವು. ಒಂದು ಸಾವಿಗೆ ವಿಮಾನ ಅಪಘಾತ, ಇನ್ನೊಂದಕ್ಕೆ ಹೃದಯಾಘಾತ ಎಂಬ ಸ್ಪಷ್ಟ ಕಾರಣಗಳಿದ್ದರೂ ಮಾತು ನಿಲ್ಲಲಿಲ್ಲ. ದೆವ್ವವಿಲ್ಲ ಎಂದು ಹೇಳಿದ ಕಥೆಯೇ ದೆವ್ವದ ವದಂತಿಗೆ ಆಹಾರವಾದದ್ದು ವಿಪರ್ಯಾಸ. ಎರಡನೆಯ ಚಿತ್ರ ರಾಜನನ್ನು ಜೀವಂತ ಎಬ್ಬಿಸದೇ ಇದ್ದಿದ್ದರೆ ಆ ವದಂತಿಗೆ ಅಷ್ಟು ಬಲ ಬರುತ್ತಿತ್ತೇ ಎಂಬ ಪ್ರಶ್ನೆ ಉಳಿದೇ ಇದೆ. ಅದೇ 2010ರ ಡಿಸೆಂಬರ್‌ನಲ್ಲಿ ವಾಸು ಇದೇ ಕಥೆಯನ್ನು ವೆಂಕಟೇಶ್ ಅವರೊಂದಿಗೆ ತೆಲುಗಿನಲ್ಲಿ ‘ನಾಗವಲ್ಲಿ’ ಎಂಬ ಹೆಸರಿನಿಂದ ತೆರೆಗೆ ತಂದರು.

ಹೆಸರು ಮಾತ್ರ ಉಳಿದ ಉತ್ತರಭಾಗಗಳು

ಹಿಂದಿಯ ದಾರಿ ಇನ್ನೂ ವಿಚಿತ್ರ. ಪ್ರಿಯದರ್ಶನ್ 2007ರಲ್ಲಿ ನಿರ್ದೇಶಿಸಿದ ‘ಭೂಲ್ ಭುಲಯ್ಯಾ’ದಲ್ಲಿ ಅಕ್ಷಯ್ ಕುಮಾರ್ ಮನೋವೈದ್ಯ, ವಿದ್ಯಾ ಬಾಲನ್ ಅವನಿ. ಮೂಲದ ‘ಮಣಿಚಿತ್ರತ್ತಾಳ್’ಗೆ ಎರಡನೇ ತಂಡದ ನಿರ್ದೇಶಕರಲ್ಲಿ ಒಬ್ಬರಾಗಿ ದುಡಿದಿದ್ದ ಪ್ರಿಯದರ್ಶನ್‌ಗೆ ಕಥೆಯ ತಿರುಳು ಗೊತ್ತಿತ್ತು, ಹಾಸ್ಯ ಎಷ್ಟೇ ಹೆಚ್ಚಿದರೂ ಅವನಿ ರೋಗಿಯಾಗಿಯೇ ಉಳಿದಳು.

ಹದಿನೈದು ವರ್ಷಗಳ ಬಳಿಕ, 2022ರ ಮೇ 20ರಂದು, ಅನೀಸ್ ಬಾಜ್ಮಿ ನಿರ್ದೇಶನದ ‘ಭೂಲ್ ಭುಲಯ್ಯಾ 2’ ಬಂತು. ಅಕ್ಷಯ್ ಇಲ್ಲ, ವಿದ್ಯಾ ಇಲ್ಲ, ಅವನಿಯ ಸುದ್ದಿಯಿಲ್ಲ. ರಾಜಪಾಲ್ ಯಾದವ್ ಅವರ ಛೋಟೆ ಪಂಡಿತ್ ಮತ್ತು ಮಂಜುಲಿಕಾ ಎಂಬ ಹೆಸರು ಇವೆರಡೇ ಹಳೆಯ ಕೊಂಡಿಗಳು. ಆ ಮಂಜುಲಿಕಾ ಕೂಡ ಹಳೆಯವಳಲ್ಲ. ತಬು ದ್ವಿಪಾತ್ರದಲ್ಲಿ ನಟಿಸಿದ ಅವಳಿ ಸಹೋದರಿಯರಲ್ಲಿ ಒಬ್ಬಳು. ಮೊದಲ ಚಿತ್ರದಲ್ಲಿ ಮನೋವೈದ್ಯ ನಿಂತಿದ್ದ ಜಾಗದಲ್ಲಿ ಈಗ ಕಾರ್ತಿಕ್ ಆರ್ಯನ್ ಅವರ ‘ರೂಹ್ ಬಾಬಾ’ ನಿಂತಿದ್ದಾನೆ. ಆತ ಆತ್ಮಗಳೊಂದಿಗೆ ಮಾತನಾಡುವೆನೆಂದು ನಟಿಸುವ ಠಕ್ಕ. ಮೊದಲ ಕಥೆಯಲ್ಲಿ ಎಲ್ಲರೂ ದೆವ್ವವೆಂದು ನಂಬಿದ್ದು ಸುಳ್ಳಾಗಿ ವೈದ್ಯನ ಮಾತು ನಿಜವಾಗುತ್ತದೆ. ಎರಡನೆಯದರಲ್ಲಿ ಠಕ್ಕನ ಸುಳ್ಳೇ ನಿಜವಾಗಿ ದೆವ್ವ ಪ್ರತ್ಯಕ್ಷವಾಗುತ್ತದೆ. ಇದಕ್ಕಿಂತ ಪೂರ್ಣವಾದ ತಿರುಗುಬಾಣ ಸಿಗುವುದು ಕಷ್ಟ. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಗೆದ್ದಿತು. 2024ರ ನವೆಂಬರ್ 1ರಂದು ಮೂರನೆಯದೂ ಬಂತು. ಅದರಲ್ಲಿ ವಿದ್ಯಾ ಬಾಲನ್ ಮರಳಿದರು ನಿಜ, ಅವನಿಯಾಗಿ ಮಾತ್ರ ಅಲ್ಲ.

ದೀರ್ಘ ಕಾಯುವಿಕೆಯ ನಂತರ ಬಂದ ತಮಿಳು ಉತ್ತರಭಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲೈಕಾ ಸಂಸ್ಥೆಯ ‘ಚಂದ್ರಮುಖಿ 2’ 2023ರ ಸೆಪ್ಟೆಂಬರ್ 28ರಂದು ಬಿಡುಗಡೆಯಾಯಿತು. ನಿರ್ದೇಶಕರು ಅದೇ ವಾಸು. ರಜನಿಕಾಂತ್ ಬದಲಿಗೆ ರಾಘವ ಲಾರೆನ್ಸ್, ಚಂದ್ರಮುಖಿಯಾಗಿ ಕಂಗನಾ ರಣಾವತ್, ಸಂಗೀತಕ್ಕೆ ಎಂ.ಎಂ. ಕೀರವಾಣಿ, ಹಳಬರಲ್ಲಿ ವಡಿವೇಲು. ಅದೇ ಅರಮನೆಗೆ ಮತ್ತೊಂದು ದೊಡ್ಡ ಕುಟುಂಬ ಬಂದಿಳಿಯುತ್ತದೆ. ಈ ಬಾರಿ ನರ್ತಕಿಯ ಆತ್ಮವೂ ನಿಜ, ರಾಜನ ಆತ್ಮವೂ ನಿಜ. ವೈದ್ಯನ ಅಗತ್ಯವೇ ಉಳಿದಿಲ್ಲ. ಜ್ಯೋತಿಕಾ ಅಷ್ಟು ಶ್ರಮವಹಿಸಿ ಕಟ್ಟಿದ ಗಂಗಾಳ ಪಾತ್ರ ಇಲ್ಲಿ ಹಿಂದಿನ ಬಾಡಿಗೆದಾರರ ಸುದ್ದಿಯಷ್ಟಕ್ಕೆ ಇಳಿಯುತ್ತದೆ. ಮೂಲಕಥೆಯನ್ನು ಎರಡು ಭಾಷೆಗಳಲ್ಲಿ ಅಷ್ಟು ಚೆನ್ನಾಗಿ ನಿರೂಪಿಸಿದ ನಿರ್ದೇಶಕರೇ ಅದನ್ನು ಹೀಗೆ ಅಳಿಸಿದ್ದು ಬೇಸರದ ಸಂಗತಿ.

ಮಲಯಾಳಂನಲ್ಲಿ ಆದದ್ದು ಬೇರೆಯೇ. ಇಪ್ಪತ್ತು ವರ್ಷಗಳ ನಂತರ, 2013ರ ನವೆಂಬರ್‌ನಲ್ಲಿ, ಪ್ರಿಯದರ್ಶನ್ ‘ಗೀತಾಂಜಲಿ’ಯಲ್ಲಿ ಮೋಹನ್‌ಲಾಲ್ ಅವರನ್ನು ಮತ್ತೆ ಡಾ. ಸನ್ನಿಯಾಗಿ ಕರೆತಂದರು. ಮುಂದೆ ದೊಡ್ಡ ಹೆಸರು ಮಾಡಿದ ಕೀರ್ತಿ ಸುರೇಶ್ ನಾಯಕಿಯಾಗಿ ಪರಿಚಯವಾದದ್ದು ಇದರಲ್ಲೇ. ಗಂಗಾ, ನಕುಲನ್, ನಾಗವಲ್ಲಿ ಯಾರೂ ಇಲ್ಲಿಲ್ಲ. ಕಥೆಯೇ ಬೇರೆ, ಅವಳಿ ಸಹೋದರಿಯರದು. ಆದರೂ ಸನ್ನಿ ತನ್ನ ಹಳೆಯ ಕೆಲಸವನ್ನೇ ಮಾಡುತ್ತಾನೆ. ದೆವ್ವವೆಂದು ಎಲ್ಲರೂ ಹೆದರಿದ್ದರ ಹಿಂದೆ ಮನುಷ್ಯರ ಕೈವಾಡವಿರುವುದನ್ನು ಹುಡುಕಿ ತೆಗೆಯುತ್ತಾನೆ. ಚಿತ್ರ ಮೂಲದ ಎತ್ತರಕ್ಕೆ ಏರಲಿಲ್ಲ, ವಿಮರ್ಶಕರೂ ಮೆಚ್ಚಲಿಲ್ಲ. ಇಷ್ಟಾದರೂ ಈ ಸಾಲಿನ ಎಲ್ಲ ಚಿತ್ರಗಳ ಪೈಕಿ ವೈದ್ಯನ ಪಾತ್ರಕ್ಕೆ ಮೋಸ ಮಾಡದೇ ಇದ್ದದ್ದು ಇದೊಂದೇ. ಹೆಸರಿನಲ್ಲಿ ‘2’ ಎಂಬ ಅಂಕಿ ಇಲ್ಲದಿರುವುದೂ ಬಹುಶಃ ಆಕಸ್ಮಿಕವಲ್ಲ.

ಇದು ಬರೀ ಸಿನಿಮಾ ಚರ್ಚೆಯೇ?

ಉತ್ತರಭಾಗವೆಂದರೆ ವ್ಯಾಪಾರ, ಅದರಲ್ಲಿ ನಿಷ್ಠೆಯನ್ನೇಕೆ ಹುಡುಕಬೇಕು ಎಂಬ ವಾದವಿದೆ. ಪ್ರೇಕ್ಷಕ ಹಣ ಕೊಟ್ಟು ಬರುವುದು ಹೆದರಲು, ನಗಲು. ಪಾಠ ಕೇಳಲು ಅಲ್ಲ ಎಂಬ ಮಾತಿನಲ್ಲೂ ಹುರುಳಿದೆ. ದೆವ್ವದ ಸಿನಿಮಾ ಮಾಡುವುದು ಅಪರಾಧವೇನಲ್ಲ. ಹೊಸ ದೆವ್ವ, ಹೊಸ ಅರಮನೆ, ಹೊಸ ಹೆಸರು ಇಟ್ಟುಕೊಂಡಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ.

ತಕರಾರು ಹುಟ್ಟುವುದು, ಕಾಯಿಲೆಯೆಂದು ಒಮ್ಮೆ ಸಾಬೀತಾದದ್ದನ್ನು ಅದೇ ಹೆಸರಿನ ಬಲದಿಂದ ಮತ್ತೆ ದೆವ್ವವಾಗಿಸಿದಾಗ. ನಮ್ಮ ಊರುಗಳಲ್ಲಿ ಮನಸ್ಸಿನ ಕಾಯಿಲೆಗೆ ಒಳಗಾದ ಹೆಣ್ಣುಮಕ್ಕಳನ್ನು ವೈದ್ಯರ ಬಳಿಗಿಂತ ಮೊದಲು ದೆವ್ವ ಬಿಡಿಸುವವರ ಬಳಿಗೆ ಒಯ್ಯುವ ರೂಢಿ ಇನ್ನೂ ಅಳಿದಿಲ್ಲ. ಬೇವಿನ ಸೊಪ್ಪಿನ ಏಟು, ಮೆಣಸಿನಕಾಯಿ ಹೊಗೆ ಎಲ್ಲವೂ ಕೇಳಿದ ಕಥೆಗಳೇ. ದೇಶಕ್ಕೇ ಹೆಸರಾದ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದ್ದರೂ ಹೀಗೆ. ಇಂಥ ಹಿಂಸೆಯನ್ನು ತಡೆಯುವ ಸಲುವಾಗಿಯೇ ರಾಜ್ಯ ವಿಧಾನಮಂಡಲ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರ ತಡೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹಲ್ಲೆ ನಡೆಸುವುದು ಅದರ ಪ್ರಕಾರ ಶಿಕ್ಷಾರ್ಹ. ಇಂಥ ನಾಡಿನಲ್ಲಿ, ‘ಇವಳಿಗೆ ಹಿಡಿದಿರುವುದು ದೆವ್ವವಲ್ಲ, ಇವಳಿಗೆ ಬೇಕಿರುವುದು ಚಿಕಿತ್ಸೆ’ ಎಂದು ವಿಷ್ಣುವರ್ಧನ್‌ರಂಥ ಜನಪ್ರಿಯ ನಟ ತೆರೆಯ ಮೇಲೆ ನಿಂತು ವಾದಿಸಿದ್ದಕ್ಕೆ ಇದ್ದ ಬೆಲೆ ಸಣ್ಣದಲ್ಲ. 2020ರಲ್ಲಿ ಕೊರೊನಾ ಕಾಲದ ಸಹಾಯವಾಣಿಗೆ ಸರ್ಕಾರ ‘ಆಪ್ತಮಿತ್ರ’ ಎಂದೇ ಹೆಸರಿಟ್ಟಾಗ ಅನೇಕರಿಗೆ ಮೊದಲು ಹೊಳೆದದ್ದು ಆ ವೈದ್ಯನ ಮುಖವೇ.

ಹಾಗಾದರೆ ನಿಷ್ಠವಾದ ಉತ್ತರಭಾಗ ಹೇಗಿರಬಹುದಿತ್ತು? ಸಾಮಗ್ರಿ ಮೊದಲ ಚಿತ್ರದಲ್ಲೇ ಇದೆ. ಗುಣಮುಖಳಾದ ಗಂಗಾ ಹತ್ತು ವರ್ಷಗಳ ಮೇಲೆ ಹೇಗಿದ್ದಾಳೆ? ಆ ರಾತ್ರಿ ತಾನೇನು ಮಾಡಿದೆನೆಂಬುದು ಆಕೆಗೆ ತಿಳಿದಿದೆಯೇ, ಗಂಡ ಅದನ್ನು ಮುಚ್ಚಿಟ್ಟಿದ್ದಾನೆಯೇ? ಹೊರಗೆ ಹೊರಟವಳನ್ನು ತಡೆಯುವ ಮುನ್ನ ಆತ ಈಗಲೂ ಒಂದು ಕ್ಷಣ ಅಂಜುತ್ತಾನೆಯೇ? ಆಕೆ ಸಿಟ್ಟಾದಾಗಲೆಲ್ಲ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆಯೇ? ಮಕ್ಕಳು ಶಾಲೆಯಲ್ಲಿ ಏನು ಕೇಳಿಸಿಕೊಂಡು ಬರುತ್ತಾರೆ? ಹೆದರಿಸಲು ಇಷ್ಟು ಸಾಲದೆಂದು ನಿರ್ಮಾಪಕರಿಗೆ ಅನ್ನಿಸಿದ್ದರೆ, ಕಾಯಿಲೆ ಮರುಕಳಿಸುವ ಭಯಕ್ಕಿಂತ ದೊಡ್ಡ ಭಯ ಯಾವುದಿದೆ? ನಾಲ್ಕು ಭಾಷೆಗಳಲ್ಲಿ, ಇಷ್ಟು ವರ್ಷಗಳಲ್ಲಿ, ಈ ಪ್ರಶ್ನೆಗಳನ್ನು ಕೇಳಿದ ಉತ್ತರಭಾಗ ಒಂದೂ ಬರಲಿಲ್ಲ.

ಈ ನಡುವೆ 2024ರ ಆಗಸ್ಟ್ 17ರಂದು ‘ಮಣಿಚಿತ್ರತ್ತಾಳ್’ 4ಕೆ ಗುಣಮಟ್ಟದಲ್ಲಿ ಸಂಸ್ಕರಿಸಲ್ಪಟ್ಟು ಮತ್ತೆ ಕೇರಳದ ಚಿತ್ರಮಂದಿರಗಳಿಗೆ ಬಂತು. ಅದು ಮೊದಲು ತೆರೆಕಂಡಾಗ ಹುಟ್ಟಿರದ ಪ್ರೇಕ್ಷಕರು ಟಿಕೆಟ್ ಕೊಂಡು ಹೋಗಿ ಕುಳಿತರು. ಶೋಭನಾ ಮಂಚವನ್ನು ಎತ್ತಿ ಹಿಡಿಯುವ ದೃಶ್ಯ ಅವರಿಗೆ ಮೊದಲೇ ಬಾಯಿಪಾಠವಾಗಿತ್ತು. ಕೊನೆಯಲ್ಲಿ ಗಂಗಾ ಎಚ್ಚೆತ್ತು, ಗಂಡನೊಂದಿಗೆ ಆ ಮನೆಯಿಂದ ಹೊರಟುಹೋದಳು.